ಯಾವ ಟೋರ್ಟಿಯಾ? ಊಟದ ಲೆಕ್ಕಕ್ಕೆ ಕಂಪ್ಯೂಟರ್ ಬಂದ ಹಾದಿ

ಅಮೆರಿಕದಲ್ಲಿ ಓದು ಕಡಿಮೆ ಇರುವವರ, ಸ್ಪ್ಯಾನಿಷ್ ಮಾತಾಡುವವರ ಊಟದ ಲೆಕ್ಕವನ್ನು, ಅಂದರೆ ಏನನ್ನು ಎಷ್ಟು ತಿನ್ನುತ್ತಾರೆ ಎಂಬುದನ್ನು, ತೆಗೆಯಲು ಕಂಪ್ಯೂಟರ್ ಸಾಕೋ, ಮನುಷ್ಯರೇ ಕೂತು ಕೇಳಬೇಕೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

1940ರ ದಶಕದಲ್ಲಿ ಆಹಾರತಜ್ಞರು ಎದುರು ಕೂತು ಕೇಳಿ ಬರೆದುಕೊಳ್ಳುತ್ತಿದ್ದರು. 1980ರ ದಶಕದ ಹೊತ್ತಿಗೆ ದೊಡ್ಡ ಸಮೀಕ್ಷೆಗಳಿಗೆ ಅಗ್ಗದ ದಾರಿಯಾಗಿ ಮುದ್ರಿತ ಪ್ರಶ್ನಾವಳಿ ಬಂತು. ನೂರರ ಆಸುಪಾಸು ತಿನಿಸುಗಳು, ಪ್ರತಿಯೊಂದರ ಮುಂದೆ ‘ತಿಂಗಳಿಗೆ 1–3 ಸಲ’, ‘ವಾರಕ್ಕೆ 2–4 ಸಲ’ ಎಂಬಂಥ, ಗುರುತು ಹಾಕಬೇಕಾದ ವೃತ್ತಗಳು. ಓದು ಬಂದರೆ ಸಾಲದು, ಎರಡು ತಿಂಗಳು ದಿನವೂ ತಿಂದ ಹಣ್ಣನ್ನು ಇಡೀ ವರ್ಷಕ್ಕೆ ಹಂಚಿ ಹೇಳಬೇಕು. ತಿಳಿಯದ ಸಾಲನ್ನು ಖಾಲಿ ಬಿಟ್ಟರೆ, ಅದನ್ನು ‘ತಿನ್ನುವುದೇ ಇಲ್ಲ’ ಎಂದು ಎಣಿಸಿದಾಗ ಕ್ಯಾಲೊರಿ ಲೆಕ್ಕ ಕುಸಿಯುತ್ತದೆ. 2003ರ ರಾಷ್ಟ್ರೀಯ ಸಾಕ್ಷರತಾ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 14 ಮಂದಿ, ಅಂದರೆ ಸುಮಾರು 3 ಕೋಟಿ ಜನ, ಗದ್ಯ ಓದುವುದರಲ್ಲಿ ತೀರಾ ಕೆಳಗಿನ ಹಂತದಲ್ಲಿದ್ದರು. ಆ ನಮೂನೆ ಅವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದೇ ಅಲ್ಲ.

1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಧ್ವನಿ, ಚಿತ್ರ, ಟಚ್‌ಸ್ಕ್ರೀನ್ ಮೂರೂ ಕೂಡಿದವು. ಒಂದು ಪರದೆಗೆ ಒಂದೇ ತಿನಿಸು. ಪ್ರಶ್ನೆ ಕಿವಿಗೆ ಕೇಳುತ್ತದೆ, ಬೇಕಾದರೆ ಮತ್ತೊಮ್ಮೆ ಕೇಳಬಹುದು. ಉತ್ತರ ಒತ್ತದೆ ಮುಂದಕ್ಕೆ ಹೋಗದಂತೆ ಮಾಡಿದರೆ ಖಾಲಿ ಸಾಲೇ ಉಳಿಯದು. ದಿನಕ್ಕೆ 20 ಲೋಟ ಹಾಲು ಎಂದು ಒತ್ತಿದರೆ ಅಲ್ಲೇ ‘ಹೌದೇ?’ ಎಂದು ಕೇಳಿಸಬಹುದು. ಹೆಡ್‌ಫೋನ್ ಬೇಕೇ ಬೇಕು. ಕ್ಲಿನಿಕ್ಕಿನಲ್ಲಿ ಪಕ್ಕದವರಿಗೆ ಕೇಳುವಂತಿದ್ದರೆ ಉತ್ತರವೇ ಬದಲಾಗುತ್ತದೆ. ಎಷ್ಟು ತಿಂದಿರಿ ಎಂದು ಕೇಳಲು ತೋರಿಸುವ ಫೋಟೊದಲ್ಲಿ ತಟ್ಟೆಯ ಪಕ್ಕ ಚಮಚವೋ ಫೋರ್ಕೋ ಇರಬೇಕು, ಇಲ್ಲದಿದ್ದರೆ ಗಾತ್ರ ಅಂದಾಜಾಗದು. ಮೂರೇ ಚಿತ್ರ ಕೊಟ್ಟರೆ ಅನುಮಾನ ಬಂದವರು ನಡುವಿನದನ್ನು ಒತ್ತುತ್ತಾರೆ. ಅನ್ನದ ಗುಡ್ಡೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಬಟ್ಟಲ ಸೂಪಿನ ತಳದಲ್ಲಿ ಎಷ್ಟು ಮಾಂಸವಿದೆ ಎಂಬುದು ಕಾಣುವುದಿಲ್ಲ.

ಅಕ್ಷರದ ತೊಡಕು ಹೀಗೆ ಬಹುಪಾಲು ಸಡಿಲವಾಯಿತು. ಭಾಷೆಯದು ಹಾಗೆಯೇ ಉಳಿಯಿತು. ಧಾರವಾಡದಲ್ಲಿ ರೊಟ್ಟಿ ಎಂದರೆ ಜೋಳದ್ದು, ಮಲೆನಾಡಿನಲ್ಲಿ ಅಕ್ಕಿಯದು ಎಂದು ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ಮೆಕ್ಸಿಕೊದವರ ಪ್ಲಾತಾನೊ ಬಾಳೆಹಣ್ಣು. ಪೋರ್ಟೊರಿಕೊದವರಿಗೆ ಅದು ಬೇಯಿಸಿ ತಿನ್ನುವ ಬಾಳೆಕಾಯಿ, ಹಣ್ಣಿಗೆ ಗಿನೆಯೊ ಎನ್ನುತ್ತಾರೆ. ಸ್ಪೇನಿನ ಟೋರ್ಟಿಯಾ ಮೊಟ್ಟೆಯ ಆಮ್ಲೆಟ್, ಮೆಕ್ಸಿಕೊದ್ದು ರೊಟ್ಟಿ. ಆ ರೊಟ್ಟಿಯಲ್ಲೂ ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ್ದಾದರೆ ಕ್ಯಾಲ್ಸಿಯಂ ಸಿಗುತ್ತದೆ, ಗೋಧಿಹಿಟ್ಟಿನದಾದರೆ ಕೊಬ್ಬು ಸೇರುತ್ತದೆ. ಇಂಗ್ಲಿಷ್ ಪಟ್ಟಿ ಪೂರ್ತಿಯಾದ ಮೇಲೆ ಅನುವಾದಕ್ಕೆ ಕೊಟ್ಟರೆ ಇದ್ಯಾವುದೂ ಸಿಕ್ಕುವುದಿಲ್ಲ. ಪಟ್ಟಿಯೇ ಆ ಅಡುಗೆಮನೆಯಿಂದ ಹುಟ್ಟಬೇಕು. 1982–84ರ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರ) ಆರೋಗ್ಯ ಸಮೀಕ್ಷೆ ಮೆಕ್ಸಿಕೊ, ಕ್ಯೂಬಾ, ಪೋರ್ಟೊರಿಕೊ ಮೂಲದವರನ್ನು ಬೇರೆ ಬೇರೆಯಾಗಿಯೇ ನೋಡಿತ್ತು. ಸಾಧನ ಕಟ್ಟುವವರಿಗೆ ಆ ಪಾಠ ಕೈಯಳತೆಯಲ್ಲೇ ಇತ್ತು.

2009ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಬಿಡುಗಡೆ ಮಾಡಿದ ‘ಎಎಸ್‌ಎ24’ ಎಂಬ ಆನ್‌ಲೈನ್ ಸಾಧನ ಹಿಂದಿನ 24 ಗಂಟೆಯ ಊಟವನ್ನು ಜನರೇ ತುಂಬುವಂತೆ ಮಾಡಿತು; ಅದಕ್ಕೆ ಸ್ಪ್ಯಾನಿಷ್ ರೂಪವೂ ಇದೆ. ತಿನಿಸಿನ ಹೆಸರನ್ನು ಟೈಪ್ ಮಾಡಿ ಹುಡುಕಬೇಕಾದ ಕಡೆ ಓದು ಬರಹದ ಕಷ್ಟ ಮತ್ತೆ ಎದುರಾಗುತ್ತದೆ. ಅದೇ ಕಾಲಕ್ಕೆ, 2008–11ರಲ್ಲಿ, ಬ್ರಾಂಕ್ಸ್, ಷಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊಗಳ 16,415 ಹಿಸ್ಪಾನಿಕ್ ವಯಸ್ಕರನ್ನು ಸೇರಿಸಿಕೊಂಡ ಅಧ್ಯಯನವು ಸಂದರ್ಶಕರನ್ನೇ ನೆಚ್ಚಿತು: ಮೊದಲ ದಿನದ ಊಟವನ್ನು ಎದುರು ಕೂತು, ಎರಡನೆಯದನ್ನು ಫೋನಿನಲ್ಲಿ ಕೇಳಿದರು. ಕಂಪ್ಯೂಟರ್ ಅಲ್ಲೂ ಇತ್ತು, ಕೇಳುವವರ ಮುಂದೆ.