ಕಾಡು ಕಡಿದ ಮೇಲೆ ಮಣ್ಣಿನೊಳಗೆ ಉಳಿದವರು ಯಾರು?

ಕಾಡು ಕಡಿದರೆ ಮಣ್ಣಿನ ಹುಳುಗಳು ನಾಶವಾಗುತ್ತವೆ ಎನ್ನುತ್ತದೆ ಒಂದು ವರದಿ. ಕಡಿದ ಜಾಗದಲ್ಲಿ ಹುಳುಗಳು ಹೆಚ್ಚಿವೆ ಎನ್ನುತ್ತದೆ ಇನ್ನೊಂದು. ಎರಡೂ ಸುಳ್ಳಲ್ಲ. ಈ ಗೋಜಲು ಬಿಡಿಸಲು ಎಣಿಕೆ ಶುರುವಾದ ಕಾಲಕ್ಕೆ ಹೋಗಬೇಕು.

1881ರಲ್ಲಿ ಡಾರ್ವಿನ್ ಎರೆಹುಳುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. 1905ರಲ್ಲಿ ಇಟಲಿಯ ಕೀಟಶಾಸ್ತ್ರಜ್ಞ ಬರ್ಲೀಸ್ ಒಂದು ಆಲಿಕೆಯನ್ನು ರೂಪಿಸಿದರು. ಜರಡಿಯ ಮೇಲೆ ಮಣ್ಣು, ತರಗೆಲೆ ಹರಡಿ ಬಿಸಿ ಮಾಡಿದರೆ, ಒಣಗುವುದಕ್ಕೆ ಹೆದರಿದ ನುಸಿಗಳು, ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜಿಗಿಯುವ ಜೀವಿಗಳು ಕೆಳಕೆಳಗೆ ಸರಿದು ಸೀಸೆಗೆ ಬೀಳುತ್ತವೆ. ಮರಗಳ ನೆರಳು ಹೋದ ನೆಲದಲ್ಲಿ ಬಿಸಿಲು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. 1960ರ ದಶಕದಲ್ಲಿ ಎಲೆಗಳನ್ನು ಬಲೆಚೀಲಗಳಲ್ಲಿ ಕಟ್ಟಿ ಹೂತು ನೋಡಿದರು. ಹುಳುಗಳು ನುಸುಳಲಾಗದಷ್ಟು ಸಣ್ಣ ಕಣ್ಣಿನ ಚೀಲದಲ್ಲಿ ಎಲೆ ಕರಗುವುದೇ ಬಹಳ ನಿಧಾನವಾಯಿತು.

1998ರಲ್ಲಿ ಕ್ಯಾಮರೂನ್‌ನ ಕಾಡೊಂದರಿಂದ ಬಂದ ಅಧ್ಯಯನ ಕಣ್ಣು ತೆರೆಸುವಂಥದು. ಹಕ್ಕಿ, ಚಿಟ್ಟೆ, ಜೀರುಂಡೆ, ಇರುವೆ, ಗೆದ್ದಲು, ಮಣ್ಣಿನ ಸೂಕ್ಷ್ಮ ದುಂಡುಹುಳುಗಳನ್ನೆಲ್ಲ (ನೆಮಟೋಡ್) ಅಲ್ಲಿ ಎಣಿಸಿದ್ದರು. ಒಂದು ಗುಂಪಿನ ಲೆಕ್ಕ ನೋಡಿ ಇನ್ನೊಂದರ ಗತಿ ಊಹಿಸುವಂತಿಲ್ಲ ಎಂಬುದು ಅದರ ತಿರುಳು. ಹಕ್ಕಿ ಎಣಿಸಿ ಕಾಡಿನ ಆರೋಗ್ಯ ಹೇಳುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಗೆದ್ದಲುಗಳೊಳಗೂ ಭೇದವಿದೆ: ಮಣ್ಣನ್ನೇ ತಿಂದು ಬದುಕುವವು ಬೇಗ ಮರೆಯಾಗುತ್ತವೆ, ಕಡಿದು ಬಿಟ್ಟ ದಿಮ್ಮಿ ಸಿಕ್ಕರೆ ಮರ ತಿನ್ನುವವು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ.

ಆದರೆ ಈ ಕಥೆಯ ತಿರುವು ಇರುವುದು ಬ್ರೆಜಿಲ್‌ನ ಅಮೆಜಾನ್ ಕಾಡಿನ ನಡುವಿನ ಮನಾಸ್ ನಗರದ ಬಳಿ. ಅಲ್ಲಿ ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಭಾರೀ ಯಂತ್ರಗಳು ಓಡಾಡಿ, ದನಗಳು ತುಳಿದು ಮಣ್ಣು ಬಿಗಿಯಿತು, ಕಾಡಿನ ಬಹುಪಾಲು ಜಾತಿಗಳು ಅಳಿದವು. ಖಾಲಿಯಾದ ಮನೆಗೆ ಪಾಂಟೊಸ್ಕೋಲೆಕ್ಸ್ ಎಂಬ ಎರೆಹುಳು ನುಗ್ಗಿತು. ಮಣ್ಣಿನ ಪ್ರಾಣಿಗಳ ಒಟ್ಟು ತೂಕದಲ್ಲಿ ಸುಮಾರು ಶೇ. 90ರಷ್ಟು ಇದೊಂದರದೇ ಆಯಿತು. ತೂಕ ಹಾಕಿದವರಿಗೆ ನೆಲ ಸಮೃದ್ಧವಾಗಿಯೇ ಕಂಡಿರಬೇಕು. ನಡೆದದ್ದು ಬೇರೆ: ಅದರ ಹಿಕ್ಕೆ ಒತ್ತೊತ್ತಾಗಿ ಬಿದ್ದು, ಮಳೆಗೆ ಕಲಸಿ, ಒಣಗಿ ನೆಲದ ಮೇಲೆ ಗಟ್ಟಿ ಹೆಪ್ಪಾಯಿತು. ನೀರು ಇಂಗಲಿಲ್ಲ, ಬೇರಿಗೆ ಉಸಿರಾಡಲು ಸಂದಿ ಉಳಿಯಲಿಲ್ಲ. ಕಾಡಿನಲ್ಲಾದರೆ ಒಂದು ಜಾತಿ ಬಿಗಿಸಿದ್ದನ್ನು ಇನ್ನೊಂದು ಒಡೆದು ಸಡಿಲಿಸುತ್ತದೆ. ಪಾಠದ ಪುಸ್ತಕದಲ್ಲಿ ರೈತನ ಮಿತ್ರ ಎನಿಸಿಕೊಂಡ ಎರೆಹುಳು ಒಂಟಿಯಾದಾಗ ಹೀಗೂ ಆಗುತ್ತದೆ.

ಮಣ್ಣಿನ ದಿಂಡುಗಳನ್ನು ಕತ್ತರಿಸಿ ಅದಲುಬದಲು ಮಾಡಿಯೂ ನೋಡಿದರು. ಹುಲ್ಲುಗಾವಲಿನ ಬಿಗಿದ ದಿಂಡನ್ನು ಕಾಡಿನೊಳಗೆ ಇಟ್ಟಾಗ, ಸುತ್ತಲಿನ ಹುಳುಗಳು ಹೊಕ್ಕು ಒಂದೇ ವರ್ಷದಲ್ಲಿ ಅದನ್ನು ಸಡಿಲಿಸಿದವು. ಹೀಗಾಗಿ ಕಡಿದ ಜಾಗದಲ್ಲಿ ಮತ್ತೆ ಎಷ್ಟು ಸಸಿ ನೆಟ್ಟಿದ್ದಾರೆ ಎಂಬ ಲೆಕ್ಕ ಕಂಡಾಗಲೆಲ್ಲ, ಆ ಜಾಗದಿಂದ ಉಳಿದ ಕಾಡು ಎಷ್ಟು ದೂರ ಎಂದೂ ಕೇಳಬೇಕೆನಿಸುತ್ತದೆ. ಎರೆಹುಳುವಿಗೆ ರೆಕ್ಕೆಯಿಲ್ಲ.