ಟಿಕೆಟ್ ಇಲ್ಲ, ಮಾರೋಕೆ ಚಿತ್ರವೂ ಇಲ್ಲ: ಪರ್ಫಾರ್ಮೆನ್ಸ್ ಆರ್ಟ್ ಗುಂಪುಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮೂರಲ್ಲಿ ಕಲಾವಿದರ ಗುಂಪೊಂದು ಪರ್ಫಾರ್ಮೆನ್ಸ್ ಆರ್ಟ್ ಕಾರ್ಯಕ್ರಮ ಮಾಡಿತು. ಹೊರದೇಶಗಳಿಂದಲೂ ಕಲಾವಿದರು ಬಂದಿದ್ದರು. ಟಿಕೆಟ್ ಇರಲಿಲ್ಲ, ಗೋಡೆ ಮೇಲೆ ಮಾರಾಟಕ್ಕೆ ಚಿತ್ರವೂ ಇರಲಿಲ್ಲ. ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಬೆನ್ನಿಗೆ ಯಾರಾದರೂ ಶ್ರೀಮಂತರು ಇರುತ್ತಾರಾ, ಇಲ್ಲ ಸರ್ಕಾರ ಕೊಡುತ್ತದಾ? ನೋಡೋಕೆ ಹೋದ ನಾವು ಏನಾದರೂ ಕೊಡಬೇಕಾ?

ಉತ್ತರ: ಹೆಚ್ಚಿನ ಪಾಲು ಅವರ ಜೇಬಿನಿಂದಲೇ ಹೋಗುತ್ತದೆ. ಮಿಕ್ಕಿದ್ದು ಅಲ್ಲಿಷ್ಟು ಇಲ್ಲಿಷ್ಟು ಅಂತ ಕೂಡಿಸಿದ್ದು. ಶ್ರೀಮಂತರ ಆಸರೆ ಇರುವ ಗುಂಪುಗಳೂ ಇವೆ, ಇಲ್ಲ ಅಂತಲ್ಲ. ಆದರೆ ದುಡ್ಡಿನ ಜೊತೆಗೆ ನೀವು ಇನ್ನೊಂದನ್ನೂ ಕೇಳಬೇಕಿತ್ತು ಅನ್ನಿಸುತ್ತದೆ: ಇವರಿಗೆ ಜಾಗ ಎಲ್ಲಿಂದ ಸಿಗುತ್ತದೆ? ಇಂಥ ಗುಂಪುಗಳು ದುಡ್ಡಿಲ್ಲದೆ ವರ್ಷಗಟ್ಟಲೆ ನಡೆದದ್ದುಂಟು. ಜಾಗ ಕೈತಪ್ಪಿದಾಗ ಬೀಳುವ ಏಟೇ ಜಾಸ್ತಿ. ಇದನ್ನು ಹೇಳೋಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಸಿಂಗಾಪುರದ್ದು. ಅದರಲ್ಲಿ ನಮ್ಮ ಕಲಬುರಗಿಯೂ ಒಮ್ಮೆ ಬಂದು ಹೋಗುತ್ತದೆ.

ಈ ಕಲೆಯನ್ನು ನೋಡದವರಿಗಾಗಿ ಎರಡು ಮಾತು. ಇಲ್ಲಿ ಕಲಾವಿದರು ಯಾವ ಪಾತ್ರವನ್ನೂ ಹಾಕುವುದಿಲ್ಲ. ಅವರ ಮೈ, ಕೈಗೆ ಸಿಕ್ಕ ಒಂದೆರಡು ವಸ್ತು, ಆ ಹೊತ್ತು, ಎದುರಿಗಿರುವ ಜನ, ಇಷ್ಟೇ ಸಾಮಗ್ರಿ. ಬರೆದಿಟ್ಟುಕೊಂಡ ಸಂಭಾಷಣೆ ಸಾಮಾನ್ಯವಾಗಿ ಇರುವುದಿಲ್ಲ. ಮುಂದೆ ಸಿಂಗಾಪುರ ಸರ್ಕಾರ ತಗಾದೆ ತೆಗೆದದ್ದು ಇದೇ ವಿಷಯಕ್ಕೆ.

1988ರಲ್ಲಿ ಟ್ಯಾಂಗ್ ಡಾ ವು ಎಂಬ ಕಲಾವಿದರು ಸಿಂಗಾಪುರದ ಉತ್ತರ ಭಾಗದ ಸೆಂಬವಾಂಗ್ ಕಡೆ, ಲೊರೊಂಗ್ ಗಂಬಾಸ್ ಎಂಬಲ್ಲಿ ಒಂದು ಹಳೇ ಕೋಳಿ ಫಾರಂನಲ್ಲಿ ನೆಲೆಯಾದರು. ಬ್ರಿಟನ್ನಿನಲ್ಲಿ ಓದಿ ಬಂದವರು. ಊರಿಗೆ ಊರೇ ಎತ್ತರದ ಕಟ್ಟಡಗಳಾಗುತ್ತಿದ್ದ ಕಾಲ ಅದು. ಇವರು ಹೋಗಿ ಕೂತದ್ದು ಹಳ್ಳಿ ಮನೆ, ಮರ, ಶೆಡ್ಡುಗಳ ನಡುವೆ. ಒಬ್ಬೊಬ್ಬರಾಗಿ ಕಿರಿಯ ಕಲಾವಿದರು ಸೇರಿಕೊಂಡರು. ಕೋಳಿಗಳಿದ್ದ ಕಡೆ ಸ್ಟುಡಿಯೊ ಆಯಿತು. 1989ರ ಜನವರಿಯಲ್ಲಿ ಜನರಿಗೆ ಬಾಗಿಲು ತೆರೆದು ಮೊದಲ ಪ್ರದರ್ಶನ ಮಾಡಿದರು. ಆ ವರ್ಷದ ಕೊನೆಯ ದಿನ ಶುರುಮಾಡಿ ಹೊಸ ವರ್ಷದ ಬೆಳಗಿನವರೆಗೆ, ಇಪ್ಪತ್ನಾಲ್ಕು ಗಂಟೆ ಬಿಡುವಿಲ್ಲದೆ 'ದಿ ಟೈಮ್ ಶೋ' ನಡೆಸಿದರು. ಗುಂಪಿನ ಹೆಸರು ದಿ ಆರ್ಟಿಸ್ಟ್ಸ್ ವಿಲೇಜ್.

ಅದು ಇಷ್ಟು ಬೇಗ ಬೆಳೆದದ್ದು ಯಾಕೆ ಅಂದರೆ, ಇರೋಕೆ, ಕೆಲಸ ಮಾಡೋಕೆ, ತೋರಿಸೋಕೆ ಮೂರಕ್ಕೂ ಒಂದೇ ಜಾಗವಿತ್ತು. ಹಾಲ್ ಬಾಡಿಗೆ ಇಲ್ಲ, ಗ್ಯಾಲರಿಯವರ ಕಮಿಷನ್ ಇಲ್ಲ, ಸಂಜೆ ಆರಕ್ಕೆ ಬೀಗ ಹಾಕಬೇಕು ಅನ್ನುವ ವಾಚ್‌ಮನ್ ಇಲ್ಲ. 1990ರಲ್ಲಿ ಸರ್ಕಾರ ಅಭಿವೃದ್ಧಿಗಾಗಿ ಆ ನೆಲ ತೆಗೆದುಕೊಂಡಿತು. ಹಳ್ಳಿ ಹೋಯಿತು. 1992ರಲ್ಲಿ ಗುಂಪನ್ನು ಸಂಘವಾಗಿ ನೋಂದಾಯಿಸಿದರು, ಆದರೆ ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮಕ್ಕೂ ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಒಮ್ಮೆ ಹಳೇ ಗೋದಾಮು, ಇನ್ನೊಮ್ಮೆ ಬೀದಿ, ಮತ್ತೊಮ್ಮೆ ಯಾರದೋ ಕಲಾಕೇಂದ್ರ.

ಇನ್ನು ಹೊರದೇಶದವರು ಬರುವ ವಿಷಯ. ಇಂಟರ್‌ನ್ಯಾಷನಲ್ ಅಂದ ತಕ್ಷಣ ಕೋಟಿ ರೂಪಾಯಿ ಖರ್ಚು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಚಿತ್ರಕಲಾ ಪ್ರದರ್ಶನಕ್ಕಾದರೆ ಅದು ನಿಜವೇ. ಚಿತ್ರಗಳಿಗೆ ಮರದ ಪೆಟ್ಟಿಗೆ, ಇನ್ಶೂರೆನ್ಸ್, ಕಸ್ಟಮ್ಸ್ ಕಾಗದ, ಎಸಿ ಗೋದಾಮು ಎಲ್ಲ ಬೇಕು. ಪರ್ಫಾರ್ಮೆನ್ಸ್ ಕಲಾವಿದರು ಒಂದು ಸೂಟ್‌ಕೇಸ್ ಹಿಡಿದು ಬರುತ್ತಾರೆ. ಕೃತಿ ಅವರ ಮೈಯೇ. ಬೇಕಾದ ಸಾಮಾನನ್ನು ಇಳಿದ ಊರಿನ ಸಂತೆಯಲ್ಲಿ ಕೊಳ್ಳುತ್ತಾರೆ.

ಆರ್ಟಿಸ್ಟ್ಸ್ ವಿಲೇಜ್ ಬಳಗದ ಲೀ ವೆನ್ ಅವರನ್ನೇ ನೋಡಿ. ಬ್ಯಾಂಕಿನಲ್ಲೂ ಕೆಲಸ ಮಾಡಿದ್ದವರು, ಮೂವತ್ತರ ಆಸುಪಾಸಿನಲ್ಲಿ ಕಲಾಶಾಲೆಗೆ ಸೇರಿದರು. ಲಂಡನ್ನಿನಲ್ಲಿದ್ದಾಗ ಎಲ್ಲರೂ ಇವರನ್ನು ಚೀನಾದವರು ಅಂದುಕೊಳ್ಳುತ್ತಿದ್ದರು. ಸರಿ, ಹಳದಿ ಅನ್ನುವುದಾದರೆ ಪೂರ್ತಿ ಹಳದಿಯೇ ಆಗಿಬಿಡುತ್ತೇನೆ ಅಂತ ಮೈಗೆಲ್ಲ ಹಳದಿ ಪೋಸ್ಟರ್ ಬಣ್ಣ ಬಳಿದುಕೊಂಡು, ಬರೀ ಚಡ್ಡಿಯಲ್ಲಿ ಜನರೆದುರು ನಿಂತರು. 1992ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಸರಣಿಯ ಹೆಸರು 'ಜರ್ನಿ ಆಫ್ ಎ ಯೆಲ್ಲೋ ಮ್ಯಾನ್'. ಅದೇ ವರ್ಷ ಅದರ ಎರಡನೇ ಕಂತು 'ದಿ ಫೈರ್ ಅಂಡ್ ದಿ ಸನ್' ನಡೆದದ್ದು ಎಲ್ಲಿ ಗೊತ್ತಾ? ಆಗಿನ ಗುಲ್ಬರ್ಗದಲ್ಲಿ. ನಂತರದ ಕಂತುಗಳು ಸಿಂಗಾಪುರ, ಜಪಾನಿನ ಫುಕುವೊಕಾ, ಆಸ್ಟ್ರೇಲಿಯಾದ ಬ್ರಿಸ್ಬೇನ್ ಅಂತ ತಿರುಗಿದವು. ಏಷ್ಯಾದ ಕಲಾ ಇತಿಹಾಸ ಬರೆಯುವವರು ಇವತ್ತಿಗೂ ಎತ್ತಿ ಹೇಳುವ ಒಂದು ಕೃತಿಯ ಎರಡನೇ ಹೆಜ್ಜೆ ನಮ್ಮ ಬಿಸಿಲ ನಾಡಿನಲ್ಲಿ ಬಿತ್ತು. ಕನ್ನಡದಲ್ಲಿ ಇದರ ಬಗ್ಗೆ ಇನ್ನಷ್ಟು ಮಾತು ನಡೆಯಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಇರಲಿ.

ಖರ್ಚನ್ನು ಹಂಚಿಕೊಳ್ಳುವ ರೀತಿ ಹೀಗಿರುತ್ತದೆ. ಕರೆಯುವ ಗುಂಪು ಊಟ, ವಸತಿ, ಓಡಾಟ ನೋಡಿಕೊಳ್ಳುತ್ತದೆ. ವಸತಿ ಅಂದರೆ ಹೋಟೆಲ್ ಅಂದುಕೊಳ್ಳಬೇಡಿ. ಎಷ್ಟೋ ಸಲ ಯಾರದೋ ಮನೆಯ ನಡುಮನೆಯಲ್ಲಿ ಹಾಸಿದ ಚಾಪೆ. ವಿಮಾನದ ಖರ್ಚನ್ನು ಬರುವವರು ತಮ್ಮ ದೇಶದ ಸಂಸ್ಥೆಯಿಂದ ತರುತ್ತಾರೆ. ಕೆನಡಾದವರಿಗೆ ಕೆನಡಾ ಕೌನ್ಸಿಲ್, ಸ್ವಿಟ್ಜರ್ಲೆಂಡಿನವರಿಗೆ ಪ್ರೊ ಹೆಲ್ವೆಷಿಯಾ, ಜರ್ಮನಿಯವರಿಗೆ ಗೋಥೆ ಇನ್‌ಸ್ಟಿಟ್ಯೂಟ್ ಇವೆ. ಅದೂ ಸಿಗದಿದ್ದರೆ ಸ್ವಂತ ದುಡ್ಡು. ಮುಂದಿನ ವರ್ಷ ಇವರು ಅವರ ಊರಿಗೆ ಹೋಗುತ್ತಾರೆ, ಅಲ್ಲಿ ಅವರು ಚಾಪೆ ಹಾಸುತ್ತಾರೆ. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ: ಯಾರೂ ಬಿಲ್ ಕೊಡುವುದಿಲ್ಲ, ಆದರೆ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಜಪಾನಿನಲ್ಲಿ ಸೇಜಿ ಶಿಮೊಡಾ 1993ರಲ್ಲಿ ಶುರುಮಾಡಿದ ನಿಪಾಫ್, ಬ್ಯಾಂಕಾಕಿನಲ್ಲಿ ಚುಂಪೊನ್ ಅಪಿಸುಕ್ 1998ರಲ್ಲಿ ಶುರುಮಾಡಿದ ಏಷ್ಯಾಟೋಪಿಯಾ, ಈ ಪರ್ಫಾರ್ಮೆನ್ಸ್ ಆರ್ಟ್ ಹಬ್ಬಗಳೆಲ್ಲ ಬೆಳೆದದ್ದು ಕಲಾವಿದರೇ ಕಲಾವಿದರನ್ನು ಕರೆಯುವ ಈ ಪದ್ಧತಿಯಿಂದ.

ಮಾರೋಕೆ ಏನೂ ಇಲ್ಲ ಅನ್ನುವುದೂ ಅರ್ಧ ಮಾತ್ರ ನಿಜ. ಆಟ ಮುಗಿದ ಮೇಲೆ ಫೋಟೊ, ವಿಡಿಯೊ, ಬಳಸಿದ ವಸ್ತುಗಳು ಉಳಿಯುತ್ತವೆ. ಹುಲಿಯ ಶಿಶ್ನಕ್ಕೆ ಕಾಮಶಕ್ತಿ ಇದೆ ಎಂಬ ನಂಬಿಕೆಯಿಂದ ನಡೆಯುವ ಬೇಟೆಯನ್ನು ಟೀಕಿಸಿ ಟ್ಯಾಂಗ್ ಡಾ ವು 1991ರಲ್ಲಿ 'ಟೈಗರ್ಸ್ ವಿಪ್' ಮಾಡಿದರು. ಅದಕ್ಕೆ ತಂತಿ ಬಲೆ ಮತ್ತು ಬಟ್ಟೆಯಲ್ಲಿ ಕಟ್ಟಿದ ಹತ್ತು ಬಿಳಿ ಹುಲಿಗಳು ಆಮೇಲೆ ಮ್ಯೂಸಿಯಂ ಸೇರಿದವು. ಲೀ ವೆನ್ 2003ರಲ್ಲಿ ಕೆಂಪು ಲ್ಯಾಂಟರ್ನುಗಳ ಗೊಂಚಲು ಹೊತ್ತು ನಡೆದದ್ದು 'ಸ್ಟ್ರೇಂಜ್ ಫ್ರೂಟ್' ಎಂಬ ಫೋಟೊ ಸರಣಿಯಾಗಿ ಉಳಿದಿದೆ. ಅಂದರೆ ಪ್ರದರ್ಶನ ಮತ್ತು ಎಕ್ಸಿಬಿಷನ್ ಎರಡನ್ನೂ ಒಂದೇ ಗುಂಪು ನಡೆಸುವುದಕ್ಕೆ ಇದೂ ಒಂದು ಕಾರಣ. ಆದರೆ ಈ ಮಾರಾಟ ಬರುವುದು ಹೆಸರಾದ ಮೇಲೆ, ಎಷ್ಟೋ ವರ್ಷಕ್ಕೆ. ಈ ತಿಂಗಳ ಬಾಡಿಗೆ ಕಟ್ಟೋಕೆ ಅದನ್ನು ನಂಬುವ ಹಾಗಿಲ್ಲ.

ಈಗ ಸರ್ಕಾರದ ದುಡ್ಡಿಗೆ ಬರೋಣ.

1993ರ ಡಿಸೆಂಬರ್ ಕೊನೆಯ ವಾರ. ಆರ್ಟಿಸ್ಟ್ಸ್ ವಿಲೇಜ್ ಮತ್ತು ಫಿಫ್ತ್ ಪ್ಯಾಸೇಜ್ ಎಂಬ ಇನ್ನೊಂದು ಗುಂಪು ಸೇರಿ ಆರ್ಟಿಸ್ಟ್ಸ್ ಜನರಲ್ ಅಸೆಂಬ್ಲಿ ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದವು. ಜಾಗ ಪಾರ್ಕ್‌ವೇ ಪರೇಡ್ ಎಂಬ ಶಾಪಿಂಗ್ ಮಾಲ್. ಫಿಫ್ತ್ ಪ್ಯಾಸೇಜ್‌ನವರು ಆ ಮಾಲ್‌ನ ಐದನೇ ಮಹಡಿಯ ಓಣಿಯಂಥ ಜಾಗವನ್ನೇ ಗ್ಯಾಲರಿ ಮಾಡಿಕೊಂಡಿದ್ದರು. ಹೊಸ ವರ್ಷದ ಆ ರಾತ್ರಿ ಜೋಸೆಫ್ ಎಂಗ್ ಎಂಬ ಯುವಕ 'ಬ್ರದರ್ ಕೇನ್' ಮಾಡಿದರು. ಸಲಿಂಗಿಗಳನ್ನು ಹಿಡಿಯಲು ಪೊಲೀಸರು ಬಲೆ ಬೀಸಿ 12 ಮಂದಿಯನ್ನು ಬಂಧಿಸಿದ್ದರು. ಅದಕ್ಕೆ ಈ ಪ್ರತಿಭಟನೆ. ನೆಲದ ಮೇಲೆ ಟೈಲ್ಸ್, ಅವುಗಳ ಮೇಲೆ ತೋಫು (ಸೋಯಾ ಪನೀರ್) ಗಡ್ಡೆ, ಪಕ್ಕದಲ್ಲಿ ಕೆಂಪು ಬಣ್ಣದ ಪೊಟ್ಟಣ. ಬೆತ್ತದಿಂದ ಒಂದೊಂದನ್ನೇ ಹೊಡೆದರು. ತೋಫು ಚಿಂದಿಯಾಯಿತು, ಬಣ್ಣ ರಕ್ತದ ಹಾಗೆ ಸಿಡಿಯಿತು. ಕೊನೆಗೆ ಜನರಿಗೆ ಬೆನ್ನು ಹಾಕಿ ನಿಂತು, ಚಡ್ಡಿ ಕೆಳಗೆ ಸರಿಸಿ, ಗುಹ್ಯಭಾಗದ ಕೂದಲನ್ನು ಒಂದಿಷ್ಟು ಕತ್ತರಿಸಿದರು.

ಪತ್ರಿಕೆಯಲ್ಲಿ ಫೋಟೊ ಬಂತು, ಗದ್ದಲವಾಯಿತು. ಎಂಗ್ ಮೇಲೆ ಅಶ್ಲೀಲ ವರ್ತನೆಯ ಕೇಸು ಬಿತ್ತು, 1,000 ಸಿಂಗಾಪುರ ಡಾಲರ್ ದಂಡ ಕಟ್ಟಿದರು. ಫಿಫ್ತ್ ಪ್ಯಾಸೇಜ್ ಮಾಲ್‌ನಿಂದ ಹೊರಬಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಬರೆದ ಸ್ಕ್ರಿಪ್ಟ್ ಇಲ್ಲದ ಪ್ರದರ್ಶನದಲ್ಲಿ ಏನಾಗುತ್ತದೆ ಅಂತ ಮೊದಲೇ ನೋಡಿ ಒಪ್ಪಿಗೆ ಕೊಡಲು ಆಗುವುದಿಲ್ಲ ಎಂಬುದು ಸರ್ಕಾರದ ವಾದ. 1994ರಿಂದ ಪರ್ಫಾರ್ಮೆನ್ಸ್ ಆರ್ಟ್‌ಗೂ, ನೋಡುಗರೇ ಎದ್ದು ಬಂದು ಆಡುವ ಫೋರಂ ಥಿಯೇಟರ್‌ಗೂ ಅಲ್ಲಿನ ಕಲಾ ಮಂಡಳಿಯ ಅನುದಾನ ನಿಂತುಹೋಯಿತು. ಮತ್ತೆ ಸಿಕ್ಕಿದ್ದು 2003ರಲ್ಲಿ. ಒಬ್ಬ ವ್ಯಕ್ತಿಯ ಒಂದು ರಾತ್ರಿಯ ಪ್ರದರ್ಶನಕ್ಕೆ ಒಂದು ಇಡೀ ಕಲಾಪ್ರಕಾರ ಸುಮಾರು ಹತ್ತು ವರ್ಷ ಬೆಲೆ ತೆತ್ತಿತು. ಎಂಗ್ ಮಾಡಿದ್ದು ಸರಿಯೋ ತಪ್ಪೋ ಅನ್ನುವ ಜಗಳ ಬೇರೆ. ಶಿಕ್ಷೆ ಮಾತ್ರ ಅಳತೆ ಮೀರಿತ್ತು ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಕೆಲಸ ನಿಂತಿತಾ? ಇಲ್ಲ. 1995ರಲ್ಲಿ ಒಂದು ದೊಡ್ಡ ಕಲಾ ಪ್ರದರ್ಶನಕ್ಕೆ ಆಗಿನ ರಾಷ್ಟ್ರಪತಿ ಓಂಗ್ ಟೆಂಗ್ ಚಿಯೊಂಗ್ ಬಂದಿದ್ದಾಗ ಟ್ಯಾಂಗ್ ಡಾ ವು ಕಪ್ಪು ಜಾಕೆಟ್ ಹಾಕಿಕೊಂಡು ಅವರೆದುರು ಹೋದರು. ಬೆನ್ನ ಮೇಲೆ ಹಳದಿ ಅಕ್ಷರ: ಕಲೆಗೆ ದುಡ್ಡು ಕೊಡಬೇಡಿ. ಜೊತೆಗೆ, ನಾನೊಬ್ಬ ಕಲಾವಿದ, ನಾನು ಮುಖ್ಯ ಎಂಬರ್ಥದ ಚೀಟಿಯೊಂದನ್ನು ಅವರ ಕೈಗಿಟ್ಟರು. ಅನುದಾನವೇ ಇಲ್ಲದ ಕಲೆಯೊಂದನ್ನು, ಅನುದಾನ ಬೇಡ ಅನ್ನುತ್ತಾ, ರಾಷ್ಟ್ರಪತಿಯ ಎದುರೇ ಮಾಡಿ ಮುಗಿಸಿದ್ದರು! ಜಾಗಕ್ಕೆ ಬಾಡಿಗೆಯೂ ಬೀಳಲಿಲ್ಲ.

ಇನ್ನೊಬ್ಬರು ಅಮಾಂಡಾ ಹೆಂಗ್. ಮೊದಲು ತೆರಿಗೆ ಇಲಾಖೆಯಲ್ಲಿದ್ದವರು. 1996ರ ಅವರ 'ಲೆಟ್ಸ್ ಚಾಟ್' ಕೃತಿಗೆ ಬೇಕಾದದ್ದು ಒಂದು ಮೇಜು, ಚಹಾ, ಒಂದು ರಾಶಿ ಮೊಳಕೆ ಕಾಳು. ಬಂದವರು ಅವರ ಜೊತೆ ಕೂತು ಮೊಳಕೆಯ ಬಾಲ ಕೀಳುತ್ತಾ ಮಾತಾಡಬೇಕು. ಮೊದಲೆಲ್ಲ ಮನೆ ಹೆಂಗಸರು ಅಡುಗೆಗೆ ಮುಂಚೆ ಒಟ್ಟಿಗೆ ಕೂತು ಮಾಡುತ್ತಿದ್ದ ಕೆಲಸ ಅದು. ಇದಕ್ಕೆ ಯಾವ ಮಂಡಳಿಯ ದುಡ್ಡು ಬೇಕು ಹೇಳಿ.

ಇದನ್ನು ಕೇಳಿ ಬಡತನವೇ ಕಲೆಗೆ ಒಳ್ಳೆಯದು ಅನ್ನುವವರೂ ಇದ್ದಾರೆ. ನನಗೆ ಆ ಮಾತು ಸ್ವಲ್ಪವೂ ಹಿಡಿಸುವುದಿಲ್ಲ. ಅನುದಾನ ಮತ್ತೆ ಶುರುವಾದ 2003ರಲ್ಲೇ ಲೀ ವೆನ್, ಜೇಸನ್ ಲಿಮ್, ಕೈ ಲಾಮ್ ಸೇರಿ ಫ್ಯೂಚರ್ ಆಫ್ ಇಮ್ಯಾಜಿನೇಷನ್ ಎಂಬ ಅಂತರರಾಷ್ಟ್ರೀಯ ಹಬ್ಬ ಶುರುಮಾಡಿದರು. ಮೊದಲ ಹಬ್ಬ ನಡೆದದ್ದು ಹಳೇ ವಿದ್ಯುತ್ ಸಬ್‌ಸ್ಟೇಷನ್ ಕಟ್ಟಡದಲ್ಲಿದ್ದ ದಿ ಸಬ್‌ಸ್ಟೇಷನ್ ಎಂಬ ಕಲಾಕೇಂದ್ರದಲ್ಲಿ. 2012ರಲ್ಲಿ ಲೂ ಝಿಹಾನ್ ಎಂಬ ಕಲಾವಿದರು 'ಬ್ರದರ್ ಕೇನ್' ಅನ್ನು ಅಲ್ಲೇ ಮತ್ತೆ ಮಾಡಿ ತೋರಿಸಿದರು, ಈ ಸಲ ವಯಸ್ಕರಿಗೆ ಮಾತ್ರ ಎಂಬ ಸರ್ಟಿಫಿಕೇಟ್ ಜೊತೆ. ಆ ಕೇಂದ್ರವೂ 2021ರಲ್ಲಿ ಆ ಕಟ್ಟಡ ಬಿಟ್ಟಿತು. ನೋಡಿ, ಮತ್ತೆ ಜಾಗದ ವಿಷಯಕ್ಕೇ ಬಂದೆವು.

ಬೆಂಗಳೂರಿನಲ್ಲೂ ಕಥೆ ಬೇರೆಯಲ್ಲ. ಶಾಂತಿನಗರದ ಒನ್ ಶಾಂತಿ ರೋಡ್ ಎರಡು ದಶಕದಿಂದ ದೇಶ ವಿದೇಶದ ಕಲಾವಿದರಿಗೆ ತಂಗುದಾಣ, ಪ್ರದರ್ಶನದ ಜಾಗ ಎರಡೂ ಆಗಿದೆ. ಯಾಕೆ ಉಳಿಯಿತು ಅಂದರೆ ಅದು ಸುರೇಶ್ ಜಯರಾಂ ಅವರ ಮನೆಯೇ. 2009ರಲ್ಲಿ 'ಸಮೂಹ' ಎಂಬ ಹೆಸರಿನಲ್ಲಿ ಒಂದಷ್ಟು ಕಲಾವಿದರು ದುಡ್ಡು ಹಾಕಿ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದಲ್ಲಿ ಜಾಗ ಬಾಡಿಗೆಗೆ ಹಿಡಿದು, ಸರದಿಯಂತೆ ಬಳಸಿಕೊಂಡರು. ಶುರುವಿನಲ್ಲೇ ಇಷ್ಟು ದಿನ ಅಂತ ಗಡುವು ಹಾಕಿಕೊಂಡಿದ್ದರು. ಜಾಣತನದ ಕೆಲಸ ಅದು.

ಕಾನೂನಿನ ಕಡೆಯಿಂದ ಒಂದು ವಿಷಯ. ಕರ್ನಾಟಕದಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆದರೆ ವಿದೇಶದಿಂದ ಸಂಘದ ಖಾತೆಗೆ ದೇಣಿಗೆ ಬರಬೇಕಾದರೆ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಸಣ್ಣ ಗುಂಪುಗಳಿಗೆ ಅದು ಸುಲಭವಲ್ಲ. ಹಾಗಾಗಿ ಹೊರಗಿನವರ ವಿಮಾನದ ಖರ್ಚನ್ನು ಅವರ ದೇಶದ ಸಂಸ್ಥೆ ನೇರವಾಗಿ ಅವರಿಗೇ ಕೊಟ್ಟರೆ ಎಲ್ಲರಿಗೂ ಅನುಕೂಲ. ಹೊರದೇಶದವರು ಬಂದರು ಅಂದ ಮಾತ್ರಕ್ಕೆ ಗುಂಪಿನ ಕೈಯಲ್ಲಿ ವಿದೇಶಿ ಹಣ ಇದೆ ಅಂತಲ್ಲ.

ಇನ್ನು ನೀವು ಕೊಡಬೇಕಾ ಅನ್ನುವ ಪ್ರಶ್ನೆ. ಬಾಗಿಲ ಹತ್ತಿರ ಡಬ್ಬಿ ಇಟ್ಟಿದ್ದರೆ ಒಂದು ಸಿನಿಮಾ ಟಿಕೆಟ್ಟಿನಷ್ಟಾದರೂ ಹಾಕಿ. ಅದಕ್ಕಿಂತ ಉಪಕಾರ ಆಗುವುದು ಬೇರೆ: ನಿಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ, ಅಥವಾ ಪರಿಚಯದವರ ಗೋದಾಮೋ ಕಲ್ಯಾಣ ಮಂಟಪವೋ ಸೀಸನ್ ಇಲ್ಲದಾಗ ಸುಮ್ನೆ ಬಿದ್ದಿದ್ದರೆ, ಮುಂದಿನ ಸಲ ಆ ಗುಂಪಿನವರಿಗೆ ಹೇಳಿ. ನಿಮ್ಮ ಅತಿಥಿ ಬೆಳಗ್ಗೆ ಎದ್ದು ಬಚ್ಚಲಲ್ಲಿ ಮೈಗೆಲ್ಲ ಹಳದಿ ಬಣ್ಣ ಬಳಿದುಕೊಂಡರೆ ಮಾತ್ರ ನಾನು ಜವಾಬ್ದಾರನಲ್ಲ.