ಡೋಕ್ಲಾಮ್ ಭೂತಾನಿನದ್ದು, ನಮ್ಮ ಸೈನ್ಯ ಯಾಕೆ ಹೋಯಿತು?

ಮಂಡ್ಯದ ಓದುಗರೊಬ್ಬರು ಕೇಳಿದ್ದಾರೆ: 'ಸಾರ್, 2017ರಲ್ಲಿ ಚೀನಾದವರು ರಸ್ತೆ ಮಾಡೋಕೆ ಬಂದಿದ್ದು ಭೂತಾನ್ ತನ್ನದು ಅನ್ನುವ ಜಾಗಕ್ಕೆ. ಅಲ್ಲಿ ನಮ್ಮ ಸೈನಿಕರು ಹೋಗಿ ನಿಂತಿದ್ದು ಯಾಕೆ? ಬೇರೆಯವರ ಉಸಾಬರಿ ನಮಗ್ಯಾಕೆ?'

ಪ್ರಶ್ನೆ ಸರಿಯಾಗಿಯೇ ಇದೆ. ಮೊದಲು ಮ್ಯಾಪ್ ತೆಗೆದು ನೋಡಿ. ಸಿಕ್ಕಿಂ ಮತ್ತು ಭೂತಾನಿನ ನಡುವೆ ಟಿಬೆಟ್ಟಿನ ನೆಲ ಚೂಪಾಗಿ ಕೆಳಗೆ ಇಳಿದಿದೆ. ಅದು ಚುಂಬಿ ಕಣಿವೆ. ಅದರ ಪಕ್ಕದಲ್ಲೇ ಡೋಕ್ಲಾಮ್ ಪ್ರಸ್ಥಭೂಮಿ, ಅಲ್ಲಿಂದ ದಕ್ಷಿಣಕ್ಕೆ ಝಾಂಫೇರಿ ಬೆಟ್ಟಸಾಲು. ಆ ಸಾಲಿನವರೆಗೆ ಚೀನಾದ ರಸ್ತೆ ಬಂದರೆ ಅವರ ಸೈನ್ಯ ಸಿಲಿಗುರಿ ಕಡೆಗೆ ಅಷ್ಟು ಹತ್ತಿರ ಬಂದಂತೆ. ಸಿಲಿಗುರಿ ಹತ್ತಿರ ನಮ್ಮ ನೆಲ ತುಂಬಾ ಕಿರಿದು, ಒಂದು ಕಡೆ ನೇಪಾಳ, ಇನ್ನೊಂದು ಕಡೆ ಬಾಂಗ್ಲಾದೇಶ, ಮಧ್ಯೆ ಉಳಿದಿರುವುದು ಸುಮಾರು 20-22 ಕಿಲೋಮೀಟರ್, ಅಂದರೆ ಮಂಡ್ಯದಿಂದ ಮದ್ದೂರಿಗೆ ಹೋದಷ್ಟು. ಅಸ್ಸಾಂ, ಮಣಿಪುರ, ಅರುಣಾಚಲಕ್ಕೆ ನಮ್ಮ ನೆಲದ ಮೇಲೆ ರೈಲು, ಲಾರಿ ಹೋಗಬೇಕಾದರೆ ಇದೊಂದೇ ದಾರಿ. ಭಯ ಇರೋದು ಇಲ್ಲಿ.

ಆದರೆ ಬರೀ ನಮ್ಮ ಭಯದಿಂದ ಈ ಸಂಬಂಧ ಬೆಳೆದಿಲ್ಲ. 1958ರಲ್ಲಿ ನೆಹರೂ ಭೂತಾನಿಗೆ ಹೋದಾಗ ನಮ್ಮ ಕಡೆಯಿಂದ ಮೋಟಾರು ರಸ್ತೆಯೇ ಇರಲಿಲ್ಲ, ಇದೇ ಚುಂಬಿ ಕಣಿವೆ ಹಾದು ಪಾರೋಗೆ ಹೋದರು! ಮರುವರ್ಷ ಟಿಬೆಟ್ಟಿನಲ್ಲಿ ಜನ ದಂಗೆ ಎದ್ದರು, ಚೀನಾದ ಸೈನ್ಯ ಅದನ್ನು ಹತ್ತಿಕ್ಕಿತು; ಅದು ನಮಗೆ ದೂರದ ಸುದ್ದಿ ಏನಲ್ಲ. ಆಗ ಊರು ಬಿಟ್ಟು ಬಂದವರಿಗಾಗಿಯೇ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆ ಆಯಿತು. ಅದನ್ನೆಲ್ಲ ಕಣ್ಣಾರೆ ನೋಡಿದ ಭೂತಾನ್ ಉತ್ತರದ ಗಡಿ ಮುಚ್ಚಿತು, ದಕ್ಷಿಣಕ್ಕೆ ತಿರುಗಿತು. ಸ್ವಲ್ಪ ವರ್ಷಕ್ಕೇ ನಮ್ಮ ಗಡಿಗೆ ಅಂಟಿಕೊಂಡ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಪುಗೆ ನಾವು ರಸ್ತೆ ಮಾಡಿಕೊಟ್ಟೆವು.

ಅವರೂ ಸುಮ್ನೆ ತೆಗೆದುಕೊಂಡು ಕೂರಲಿಲ್ಲ. ಅಸ್ಸಾಂ ಬೇರೆ ದೇಶ ಆಗಬೇಕು ಅನ್ನುತ್ತಿದ್ದ ಉಲ್ಫಾ ಥರದ ಉಗ್ರರು ಭೂತಾನಿನ ಕಾಡಲ್ಲಿ ಬಿಡಾರ ಹೂಡಿ ಅಸ್ಸಾಮಿನ ಮೇಲೆ ದಾಳಿ ಮಾಡುತ್ತಿದ್ದರು. 2003ರ ಡಿಸೆಂಬರಿನಲ್ಲಿ ಆಗಿನ ರಾಜರೇ ಮುಂದೆ ನಿಂತು ತಮ್ಮ ಪುಟ್ಟ ಸೈನ್ಯದಿಂದ ಅವರನ್ನು ಓಡಿಸಿದರು. ಪಕ್ಕದ ದೇಶಕ್ಕಾಗಿ ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳೋರು ಕಡಿಮೆ. ಎರಡೂ ದೇಶಗಳ 1949ರ ಒಪ್ಪಂದದಲ್ಲಿ ವಿದೇಶಾಂಗ ವಿಷಯದಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯಬೇಕು ಅಂತಿತ್ತು. 2007ರಲ್ಲಿ ಅದನ್ನು ತೆಗೆದರು. ಒಬ್ಬರ ಭದ್ರತೆಗೆ ಕೆಡುಕಾಗುವ ಕೆಲಸಕ್ಕೆ ಇನ್ನೊಬ್ಬರು ತಮ್ಮ ನೆಲ ಕೊಡಬಾರದು ಅನ್ನುವುದನ್ನು ಸೇರಿಸಿದರು. ನನಗೆ ಇದು ಜಾಸ್ತಿ ಗೌರವದ ಒಪ್ಪಂದ ಅನ್ನಿಸುತ್ತದೆ.

ನಾವು ಎಡವಿದ್ದೂ ಇದೆ. 2013ರಲ್ಲಿ ಅಲ್ಲಿ ಚುನಾವಣೆ ಹೊತ್ತಿಗೆ ಸರಿಯಾಗಿ ಅಡುಗೆ ಗ್ಯಾಸ್, ಸೀಮೆಎಣ್ಣೆಯ ಸಬ್ಸಿಡಿ ನಿಲ್ಲಿಸಿದೆವು, ಆಮೇಲೆ ಮತ್ತೆ ಕೊಟ್ಟೆವು. ಒಲೆಗೇ ಕೈ ಹಾಕಿದರೆ ಯಾರಿಗೆ ಬೇಜಾರಾಗಲ್ಲ ಹೇಳಿ?

2017ರ ಆಗಸ್ಟ್ 28ಕ್ಕೆ ಎರಡೂ ಸೈನ್ಯ ಎದುರುಬದುರು ನಿಂತ ಜಾಗದಿಂದ ಸರಿದವು. ಗಡಿ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. 1984ರಿಂದ ಭೂತಾನ್ ಮತ್ತು ಚೀನಾ ಮಾತಾಡುತ್ತಲೇ ಇವೆ, ಗಡಿ ಮಾತುಕತೆ ಬೇಗ ಮುಗಿಸಲು ಮೂರು ಹಂತದ ಯೋಜನೆಯೊಂದಕ್ಕೆ 2021ರಲ್ಲಿ ಸಹಿ ಹಾಕಿವೆ. ಉತ್ತರದ ಜಾಗ ನೀವು ಇಟ್ಟುಕೊಳ್ಳಿ, ಪಶ್ಚಿಮದ್ದು ನಮಗೆ ಬಿಡಿ ಅನ್ನುವುದು ಚೀನಾದ ಹಳೇ ಮಾತು. ಆ ಪಶ್ಚಿಮದಲ್ಲೇ ಡೋಕ್ಲಾಮ್ ಬರುತ್ತದೆ.